ಬಗ್ಗಿ ಎದ್ದಾಗ ತಲೆ ಸುತ್ತಬಹುದು

ತೊಂಬತ್ತೇಳು ಕಿಲೋ ತೂಗುವ ಮನುಷ್ಯನನ್ನು ಇಲಿ ಎಂದು ಕರೆದರೆ ಕೇಳಿದವರಿಗೆ ನಗು ಬರುತ್ತದೆ. ಟ್ಯಾಂಕು ಕಟ್ಟುವ ಆ ಕಾರ್ಖಾನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದಾಗ ಅವನು ಕಡ್ಡಿಯ ಹಾಗಿದ್ದ. ಎಷ್ಟೇ ಇಕ್ಕಟ್ಟಿನ ಕಂಡಿಯಾದರೂ ತಲೆ ತೂರಿಸಿ, ಭುಜ ತೂರಿಸಿ, ಸರಕ್ಕನೆ ಒಳಗೆ ಇಳಿದುಬಿಡುತ್ತಿದ್ದ. ಆಗಲೇ ಅಂಟಿಕೊಂಡ ಹೆಸರು ಅದು. ಆಮೇಲೆ ಮೈ ಬೆಳೆಯಿತು, ಹೊಟ್ಟೆ ಬೆಳೆಯಿತು, ಹೆಸರು ಮಾತ್ರ ಇದ್ದ ಹಾಗೇ ಉಳಿಯಿತು.

ಅವನ ಕೆಲಸ ಇಷ್ಟೇ. ಹಾಲಿಗೋ ಎಣ್ಣೆಗೋ ಔಷಧಿಗೋ ಬೇಕಾದ ಉಕ್ಕಿನ ಟ್ಯಾಂಕುಗಳನ್ನು ಅಲ್ಲಿ ಕಟ್ಟುತ್ತಾರೆ. ಹೊರಗಿನ ಬೆಸುಗೆಯನ್ನು ಕೈ ಪಳಗಿದ ಯಾರು ಬೇಕಾದರೂ ಹಾಕಬಹುದು. ಒಳಗಿನ ಬೆಸುಗೆಗೆ ಟ್ಯಾಂಕಿನ ನೆತ್ತಿಯ ಮೇಲಿರುವ ಮೊಟ್ಟೆಯಾಕಾರದ ಕಂಡಿಯಿಂದ ಇಳಿಯಬೇಕು. ಎರಡೂ ಕೈ ಮೇಲೆತ್ತಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಭುಜ ಓರೆ ಮಾಡಿದರೆ ಕಾಲಿಗೆ ಏಣಿ ಸಿಗುತ್ತದೆ. ಒಳಗೆ ಇಬ್ಬರು ನಿಲ್ಲುವಷ್ಟು ಜಾಗ, ಮಧ್ಯದಲ್ಲಿ ಒಂದು ಅಟ್ಟಣೆಯ ಹಲಗೆ, ಒಂದು ದೀಪ, ಗಾಳಿ ಊದುವ ದಪ್ಪ ಕೊಳವೆ. ಇಲಿ ಹಾಕಿದ ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಒಮ್ಮೆ ಪರೀಕ್ಷೆಯವನು ನೋಡಿದರೆ ಮುಗಿಯಿತು, ಆಮೇಲೆ ನೋಡುವುದು ಹಾಲೋ ಎಣ್ಣೆಯೋ ಅಷ್ಟೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಅವನನ್ನು ಕೇಳುವವರೇ ಇರಲಿಲ್ಲ. ಆ ಕಂಡಿಯಿಂದ ಕೆಳಗಿಳಿದ ಮೇಲೆ ಮಾತ್ರ ಅವನ ಮಾತೇ ಮಾತು.

ಅವನ ಜೊತೆಗೆ ಇಳಿಯುವವನು ಹೆಂಡತಿಯ ತಮ್ಮ. ಹತ್ತು ವರ್ಷದವನಿದ್ದಾಗ ಅಕ್ಕನ ಕೈ ಹಿಡಿದುಕೊಂಡು ಈ ಮನೆಗೆ ಬಂದವನು, ಇಲ್ಲೇ ಬೆಳೆದ. ಮಕ್ಕಳಿಲ್ಲದ ಮನೆಯಲ್ಲಿ ಮಗನೇ ಆದ. ಈಗ ಮೂವತ್ತೊಂದು. ಕೆಲಸ ಕಲಿಸಿದವನೂ ಇಲಿ, ಕಾರ್ಖಾನೆಗೆ ಸೇರಿಸಿದವನೂ ಇಲಿ. ಇಲಿ ಹೋದಲ್ಲೆಲ್ಲ ಹಿಂದೆಯೇ ಇರುತ್ತಿದ್ದನಾದ್ದರಿಂದ ಕಾರ್ಖಾನೆಯವರು ಅವನಿಗೆ ಬಾಲ ಎಂದು ಹೆಸರಿಟ್ಟಿದ್ದರು. ಅವನು ಬೇಸರಪಟ್ಟುಕೊಳ್ಳಲಿಲ್ಲ. ‘ಇಲಿ ಒಳಗೆ ಹೋದ್ರೆ ಬಾಲ ಹೊರಗಿರೋಕಾಗುತ್ತಾ’ ಎಂದು ತಾನೇ ಹೇಳಿಕೊಂಡು ತಿರುಗುತ್ತಿದ್ದ. ತಿನ್ನುವುದರಲ್ಲಿ ಭಾವನನ್ನೇ ಮೀರಿಸುತ್ತಿದ್ದ, ಆದರೂ ಮೈಗೆ ಒಂದು ಚೂರೂ ಹತ್ತುತ್ತಿರಲಿಲ್ಲ. ಇಂಥವರನ್ನು ಕಂಡರೆ ಹೊಟ್ಟೆ ಉರಿಯದ ದಪ್ಪ ಮನುಷ್ಯ ಭೂಮಿಯ ಮೇಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕಾರ್ಖಾನೆಯ ಇನ್ನೊಂದು ಶೆಡ್ಡಿನಲ್ಲಿ ಒಬ್ಬ ಸ್ಥೂಲಕಾಯದವನು ಟ್ಯಾಂಕಿನೊಳಗೆ ಪ್ರಜ್ಞೆ ತಪ್ಪಿ ಬಿದ್ದ. ಹಗ್ಗ ಹಾಕಿ ಎಳೆದರೆ ಕಂಡಿಯಲ್ಲಿ ಸಿಕ್ಕಿಹಾಕಿಕೊಂಡ. ಕೊನೆಗೆ ಉಕ್ಕನ್ನೇ ಕೊಯ್ದು ಹೊರಗೆ ತೆಗೆದರು. ಪ್ರಾಣಕ್ಕೇನೂ ಆಗಲಿಲ್ಲ, ಆದರೆ ಕಂಪನಿ ಗಡಬಡಿಸಿ ಎದ್ದು ಕೂತಿತು. ಒಂದು ವಾರದಲ್ಲಿ ಶೆಡ್ಡಿನ ಬಾಗಿಲ ಹತ್ತಿರ ಒಂದು ಪ್ಲೈವುಡ್ ಹಲಗೆ ಬಂದು ನಿಂತಿತು. ಹಲಗೆಯಲ್ಲಿ ಕಂಡಿಯ ಅಳತೆಗೆ ಸರಿಯಾಗಿ ಕೊರೆದ ತೂತು. ಸೊಂಟಪಟ್ಟಿ ಕಟ್ಟಿಕೊಂಡು, ಕೈ ಮೇಲೆತ್ತಿ, ಯಾರ ಸಹಾಯವೂ ಇಲ್ಲದೆ ಒಂದು ನಿಮಿಷದೊಳಗೆ ಅದರಿಂದ ದಾಟಿದವನು ಟ್ಯಾಂಕಿಗೆ. ದಾಟದವನಿಗೆ ಎರಡು ತಿಂಗಳ ಗಡುವು, ಆಮೇಲೂ ಆಗದಿದ್ದರೆ ಅಂಗಳದಲ್ಲಿ ತುಕ್ಕು ಕೆರೆಯುವ ಕೆಲಸ. ನಿಯಮದಲ್ಲಿ ಅನ್ಯಾಯವೇನೂ ಇರಲಿಲ್ಲ, ಇದ್ದಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಇಲಿ ಹಲಗೆಯ ತೂತಿನಲ್ಲಿ ಸೊಂಟದವರೆಗೆ ಹೋಗಿ ನಿಂತ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇಬ್ಬರು ಮುಂದಿನಿಂದ ಎಳೆದರು, ಬಾಲ ಹಿಂದಿನಿಂದ ದಬ್ಬಿದ. ನಿಜವಾದ ಕಂಡಿಯಲ್ಲಿ ಅವನು ಹೇಗೋ ಹೊರಳಿ, ತಿರುಚಿ, ಚರ್ಮ ತರಚಿಕೊಂಡು ಇಳಿಯುತ್ತಿದ್ದುದು ಬಾಲನಿಗೊಬ್ಬನಿಗೇ ಗೊತ್ತಿದ್ದ ಸಂಗತಿ. ಈಗ ಇಡೀ ಶೆಡ್ಡಿಗೆ ಗೊತ್ತಾಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಇಲಿ ಎಂಬ ಹೆಸರಿಗೆ ಜನ ನಕ್ಕರು.

ಸೂಪರ್‌ವೈಸರ್ ಕೆಟ್ಟವನೇನಲ್ಲ. ಎರಡು ತಿಂಗಳು ನಿನ್ನನ್ನು ಒಳಗಿನ ಕೆಲಸಕ್ಕೇ ಬಿಡುತ್ತೇನೆ, ಅಷ್ಟರೊಳಗೆ ತೂಕ ಇಳಿಸಿಕೋ ಎಂದ. ಒಳಗಿನ ಬೆಸುಗೆಗೆ ಬೇರೆ ಗತಿಯೂ ಅವನಿಗಿರಲಿಲ್ಲ.

ಪಥ್ಯದ ಡಾಕ್ಟರಮ್ಮ ಇಲಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ರಕ್ತ ತೆಗೆಸಿ, ಒಂದು ದಿನಕ್ಕೆ ಎಂಟುನೂರು ಕ್ಯಾಲೊರಿ ಎಂದು ಬರೆದುಕೊಟ್ಟಳು. ದಿನಕ್ಕೆ ಮೂರು ಲೋಟ ಪೌಡರು ಕದಡಿದ ನೀರು, ಸಂಜೆಗೆ ಒಂದು ತಟ್ಟೆ ಬೇಯಿಸಿದ ತರಕಾರಿ. ಜೇಬಿನಲ್ಲಿಟ್ಟುಕೊಳ್ಳಲು ಒಂದು ಹಸಿರು ಪುಸ್ತಕ. ಅದರಲ್ಲಿ ಮೂರು ಖಾನೆ: ಹೊತ್ತು, ತಿಂದದ್ದು, ಹೇಗನ್ನಿಸಿತು. ಕೊನೆಯ ಪುಟದಲ್ಲಿ ಮೊದಲ ವಾರಗಳಲ್ಲಿ ಬರಬಹುದಾದ ತೊಂದರೆಗಳ ಪಟ್ಟಿ.

“ಎತ್ತರದಲ್ಲಿ ಕೆಲಸ ಮಾಡ್ತೀರಾ?” ಎಂದು ಕೇಳಿದಳು ಡಾಕ್ಟರಮ್ಮ. “ಮೊದಲು ಸ್ವಲ್ಪ ತಲೆ ಸುತ್ತೋದು ಇರುತ್ತೆ. ಗಾಡಿ ಓಡಿಸೋದು, ಎತ್ತರ ಹತ್ತೋದು ಬೇಡ.”

“ಎತ್ತರ ಇಲ್ಲ ಮೇಡಂ,” ಎಂದ ಇಲಿ. “ನಮ್ಮದೇನಿದ್ರೂ ತಗ್ಗು.”

ಆಕೆ ನಕ್ಕಳು. ತಗ್ಗು ಎಂದರೆ ಎಂಥದ್ದು ಎಂದು ಆಕೆ ಕೇಳಲಿಲ್ಲ, ಕೇಳದ್ದನ್ನು ಇವನು ಹೇಳಲಿಲ್ಲ.

ಮೊದಲ ದಿನ ಹುರುಪಿನಲ್ಲಿ ಕಳೆಯಿತು. ಎರಡನೆಯ ದಿನ ಮಧ್ಯಾಹ್ನಕ್ಕೆ ತಲೆನೋವು ಶುರುವಾಯಿತು, ಹುಬ್ಬುಗಳ ನಡುವೆ ಯಾರೋ ಮೊಳೆ ಇಟ್ಟು ಮೆಲ್ಲಗೆ ಬಡಿಯುತ್ತಿರುವ ಹಾಗೆ. ಮೂರನೆಯ ದಿನ ಕೈಬೆರಳು ತಣ್ಣಗಾದವು. ನಾಲ್ಕನೆಯ ದಿನ ಕಿವಿಯೊಳಗೆ ಗುಂಯ್ ಎನ್ನತೊಡಗಿತು. ಐದನೆಯ ದಿನ ಹೆಂಡತಿ ಮಾತನಾಡುತ್ತಾ ಒಂದು ಹೆಜ್ಜೆ ಹಿಂದೆ ಸರಿದು, “ಬಾಯಿ ವಾಸನೆ ಬರ್ತಿದೆ ರೀ, ಕೊಳೆತ ಹಣ್ಣಿನ ಹಾಗೆ” ಎಂದಳು. ಬೆಳಗಿನ ಕೆಲಸವಂತೂ ಕೇಳಬೇಡಿ. ಅರ್ಧ ಗಂಟೆ ಕೂತು, ಬರಿಗೈಯಲ್ಲಿ ಎದ್ದು ಬರುತ್ತಿದ್ದ. ಹೊರಗೆ ಬಾಗಿಲು ತಟ್ಟುತ್ತಾ ಬಾಲ, “ಭಾವ, ಒಳಗೆ ಹೋಗದೇ ಇರೋದು ಹೊರಗೆ ಹೇಗೆ ಬರುತ್ತೆ?” ಎನ್ನುತ್ತಿದ್ದ.

ಎಲ್ಲವನ್ನೂ ಅವನು ಹಸಿರು ಪುಸ್ತಕದಲ್ಲಿ ಬರೆದ. ಬರೆದು, ಕೊನೆಯ ಪುಟ ತೆಗೆದು ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದ. ತಲೆನೋವು, ಇದೆ. ಕೈಕಾಲು ತಣ್ಣಗಾಗುವುದು, ಇದೆ. ಬಾಯಿ ವಾಸನೆ, ಮಲಬದ್ಧತೆ, ಸಿಟ್ಟು, ಎಲ್ಲ ಇವೆ. ಪ್ರತಿಯೊಂದರ ಮುಂದೆಯೂ ಔಷಧಿ ಬರೆದಿತ್ತು: ನೀರು ಕುಡಿಯಿರಿ, ಚಿಟಿಕೆ ಉಪ್ಪು ಹಾಕಿಕೊಳ್ಳಿ, ನಿಧಾನವಾಗಿ ಎದ್ದೇಳಿ, ಬೆಚ್ಚಗೆ ಹೊದೆಯಿರಿ. ತನಗೆ ಆಗುವುದೆಲ್ಲ ಮೊದಲೇ ಅಚ್ಚಾಗಿದೆ ಎಂಬುದು ಅವನಿಗೆ ಬಹಳ ಧೈರ್ಯ ಕೊಟ್ಟಿತು. ಆ ಪಟ್ಟಿಯ ಮಧ್ಯದ ಸಾಲು ಹೀಗಿತ್ತು: ಬಗ್ಗಿ ಎದ್ದಾಗ ತಲೆ ಸುತ್ತಬಹುದು. ಇದು ಸಹಜ.

ಸಿಟ್ಟಿಗೆ ಮಾತ್ರ ನೀರು, ಉಪ್ಪು ಯಾವುದೂ ನಾಟಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಚಿಕ್ಕ ತಕ್ಕಡಿ ಇಟ್ಟುಕೊಂಡು ಅವನ ಎಲೆಕೋಸನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದಳು. ಅವಳ ಕೈ ಒಂದು ಚೂರು ತೆಗೆದು ಪಾತ್ರೆಗೆ ವಾಪಸ್ಸು ಹಾಕುವುದನ್ನು ಕಂಡಾಗ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಎದುರಿಗೆ ಬಾಲ ಹುರಿದ ಆಲೂಗಡ್ಡೆಯನ್ನು ಕುರುಕುರು ಎಂದು ಅಗಿಯುತ್ತಿದ್ದ. ಒಂದು ಸಂಜೆ ಇಲಿ ತಟ್ಟೆಯನ್ನು ನೂಕಿದ.

“ತಿನ್ನೋಕೆ ನಿನಗೆ ಬೇರೆ ಜಾಗ ಸಿಗಲ್ವಾ? ನನ್ನ ಮೂಗಿನ ಮುಂದೇನೇ ಆಗಬೇಕಾ?”

ಹೆಂಡತಿ ಮುಖ ಊದಿಸಿಕೊಂಡಳು. ಬಾಲ ತಟ್ಟೆ ಎತ್ತಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತ. ಅವತ್ತಿನಿಂದ ಅವನು ಮನೆಯಲ್ಲಿ ಊಟ ಮಾಡಿದ್ದು ಅಲ್ಲೇ. ಕಾರ್ಖಾನೆಯಲ್ಲೂ ಡಬ್ಬಿ ತೆರೆಯಲು ಕ್ಯಾಂಟೀನಿನ ಆಚೆ ತುದಿಗೆ ಹೋಗುತ್ತಿದ್ದ. ಇಲಿಗೆ ನಾಚಿಕೆಯಾಯಿತು, ಆದರೆ ಬಾ ಎಂದು ಕರೆಯಲು ನಾಲಿಗೆ ಏಳಲಿಲ್ಲ.

ಈಗ ಬೆಸುಗೆಯ ಗ್ಯಾಸಿನ ವಿಷಯ ಹೇಳಬೇಕು. ಟ್ಯಾಂಕಿನ ಹೊಳಪಿನ ಉಕ್ಕಿಗೆ ಬೆಸುಗೆ ಹಾಕುವಾಗ ಗಾಳಿ ತಾಗಬಾರದು. ಅದಕ್ಕೆ ಪೈಪಿನಲ್ಲಿ ಒಂದು ಗ್ಯಾಸು ಬರುತ್ತದೆ, ಆರ್ಗಾನ್ ಎಂದು. ವಿಷವಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದು ಇದ್ದ ಕಡೆ ಗಾಳಿ ಇರುವುದಿಲ್ಲ, ಮತ್ತು ಅದು ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಒಳಗೆ ಇಳಿಯುವವರಿಗೆ ಮೊದಲ ದಿನ ಕಲಿಸುವ ಪಾಠ ಒಂದೇ: ತಲೆ ಹಗುರವಾಯಿತೋ, ಕೂಗು, ಮೇಲೆ ಹತ್ತು. ಯಾಕೆ, ಏನು ಎಂದು ಯೋಚಿಸಬೇಡ. ಈ ಪಾಠವನ್ನು ಬಾಲನಿಗೆ ಹೇಳಿಕೊಟ್ಟವನೂ ಇಲಿಯೇ.

ಪಥ್ಯದ ಆರನೆಯ ದಿನ ಅವನು ಆ ಪಾಠದಂತೆಯೇ ನಡೆದುಕೊಂಡ. ಬೆಸುಗೆ ಹಾಕುತ್ತಿದ್ದಾಗ ಕಣ್ಣು ಕತ್ತಲೆ ಬಂತು, ಕೂಗಿದ. ಇಬ್ಬರೂ ಮೇಲೆ ಹತ್ತಿದರು, ಅಪಾಯದ ಗಂಟೆ ಮೊಳಗಿತು, ಇಡೀ ಶೆಡ್ಡು ಖಾಲಿಯಾಯಿತು. ಗಾಳಿ ಅಳೆಯುವ ಮೀಟರು ತಂದು ತಳದವರೆಗೆ ಇಳಿಬಿಟ್ಟು ನೋಡಿದರೆ ಗಾಳಿ ಶುದ್ಧವಾಗಿತ್ತು. ಮೂರು ಗಂಟೆ ಕೆಲಸ ನಿಂತಿತು. ಹನ್ನೊಂದನೆಯ ದಿನ ಇನ್ನೊಮ್ಮೆ ಹಾಗೇ ಆಯಿತು. ಮತ್ತೆ ಗಂಟೆ, ಮತ್ತೆ ಮೀಟರು, ಗಾಳಿಯಲ್ಲಿ ಎಳ್ಳಷ್ಟೂ ದೋಷವಿಲ್ಲ. ಹೊರಗೆ ಬಿಸಿಲಿನಲ್ಲಿ ನಿಂತ ನಲವತ್ತು ಜನ ಅವನ ಹೊಟ್ಟೆಯನ್ನೇ ನೋಡಿದರು.

“ಗ್ಯಾಸು ಟ್ಯಾಂಕಲ್ಲಿಲ್ಲ, ಇವನ ಹೊಟ್ಟೆಯಲ್ಲಿದೆ,” ಎಂದ ಒಬ್ಬ.

ಸೂಪರ್‌ವೈಸರ್ ಅವನನ್ನು ಬದಿಗೆ ಕರೆದ. “ನೋಡಪ್ಪ, ಹಸಿವಿಗೆಲ್ಲ ಗಂಟೆ ಬಾರಿಸ್ತಾ ಕೂತ್ರೆ ನಾನು ಮೇಲಿನವರಿಗೆ ಏನು ಹೇಳಲಿ? ಇನ್ನೊಂದು ಸಲ ಹೀಗಾದ್ರೆ ಎರಡು ತಿಂಗಳೂ ಇಲ್ಲ, ಏನೂ ಇಲ್ಲ. ಸೀದಾ ಅಂಗಳಕ್ಕೆ.”

ಅದನ್ನು ಕೇಳಿಸಿಕೊಂಡ ಬಾಲ ಮಧ್ಯೆ ಬಾಯಿ ಹಾಕಿದ. “ಕೂಗಿದ್ದು ತಪ್ಪಾ ಸಾರ್? ಕೂಗದೇ ಇದ್ರೆ ತಪ್ಪು.” ಸೂಪರ್‌ವೈಸರ್ ಕೇಳಿಸಿಕೊಳ್ಳದವನ ಹಾಗೆ ಹೊರಟುಹೋದ. ದಾರಿಯಲ್ಲಿ ಬಾಲ, “ಭಾವ, ಅವನ ಮಾತಿಗೆಲ್ಲ ತಲೆ ಕೆಡಿಸ್ಕೋಬೇಡ. ತಲೆ ಸುತ್ತಿದ್ರೆ ಕೂಗು, ಅಷ್ಟೆ” ಎಂದ. ಇಲಿ ಹೂಂ ಎಂದ. ಒಳಗೊಳಗೇ ಹಲ್ಲು ಕಚ್ಚಿ ನಿರ್ಧಾರ ಮಾಡಿಯಾಗಿತ್ತು. ಇನ್ನು ಮೇಲೆ ಯಾವ ಸುತ್ತು ಹಸಿವಿನದು, ಯಾವುದು ಗ್ಯಾಸಿನದು ಎಂದು ಮೊದಲು ತಾನೇ ತೀರ್ಮಾನಿಸುವುದು, ಆಮೇಲೆ ಬೇಕಿದ್ದರೆ ಕೂಗುವುದು. ಇಪ್ಪತ್ತನಾಲ್ಕು ವರ್ಷದ ಅನುಭವ ಇರುವವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಅನುಭವ ಎಂಬ ಪದವನ್ನು ಕಂಡರೆ ಈ ಕಥೆ ಹೇಳುವ ನನಗೆ ಈಗಲೂ ರೇಗುತ್ತದೆ.

ಇಪ್ಪತ್ತೆರಡನೆಯ ದಿನಕ್ಕೆ ಒಂಬತ್ತು ಕಿಲೋ ಇಳಿದಿತ್ತು. ಪ್ಯಾಂಟು ಜಾರುತ್ತಿತ್ತು, ಹಗ್ಗದಲ್ಲಿ ಬಿಗಿದುಕೊಳ್ಳುತ್ತಿದ್ದ. ಆದರೂ ಕಂಡಿಯಲ್ಲಿ ಇಳಿದು ಹತ್ತುವುದು ಹಿಂಸೆಯೇ, ಕಾಲಿನಲ್ಲಿ ತ್ರಾಣವೇ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹೊರಗೆ ಬರಬೇಕು, ಗ್ಯಾಸಿನ ಪೈಪನ್ನೂ ಹೊರಗೆ ಎಳೆದುಕೊಳ್ಳಬೇಕು ಎಂಬುದು ನಿಯಮ. ಎಲ್ಲರೂ ಹೊರಗಿರುವ ಹೊತ್ತಾದ್ದರಿಂದ ಗಾಳಿ ಊದುವ ಯಂತ್ರವನ್ನೂ ಆಗ ನಿಲ್ಲಿಸುತ್ತಿದ್ದರು. ಇಲಿಗೆ ಹೊರಗೆ ಬಂದು ಆಗಬೇಕಾದ್ದೇನಿತ್ತು? ಊಟವೇ ಇಲ್ಲದವನಿಗೆ ಊಟದ ಬಿಡುವು ಯಾವ ಸುಖಕ್ಕೆ? ಬಂದರೆ ಕ್ಯಾಂಟೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಮತ್ತೆ ಆ ಕಂಡಿಯಲ್ಲಿ ತೂರಬೇಕಾಗುತ್ತದೆ. ಹಿಂದಿನ ಎರಡು ದಿನಗಳಿಂದ ಅವನು ಒಳಗೇ, ಅಟ್ಟಣೆಯ ಹಲಗೆಯ ಮೇಲೆ ಕೂತು ಪೌಡರು ನೀರು ಕುಡಿಯುತ್ತಿದ್ದ.

ಆ ದಿನ ಹತ್ತುವ ಮುಂಚೆ ಬಾಲ ಕೇಳಿದ, “ಪೈಪು ತಗೊಂಡು ಹೋಗ್ಲಾ?”

“ಇರಲಿ ಬಿಡು. ನಾನು ಇಲ್ಲೇ ಇರ್ತೀನಲ್ಲ. ಮತ್ತೆ ಅದನ್ನ ಇಳಿಸೋದು ಯಾರು?”

ಇಲಿ ಕೈಯಾರೆ ಅದರ ತಿರುಪು ಮುಚ್ಚಿದ. ಮುಚ್ಚಿದೆ ಎಂದುಕೊಂಡ. ಬೆರಳುಗಳು ತಣ್ಣಗೆ ಮರಗಟ್ಟಿದ್ದವು, ತಿರುಪು ಪೂರ್ತಿ ಕೂತಿತೋ ಇಲ್ಲವೋ ಎಂದು ಅವಕ್ಕೆ ತಿಳಿಯಲಿಲ್ಲ. ಸಣ್ಣಗೆ ಸುಯ್ ಎನ್ನುವ ಸದ್ದು ಇತ್ತು. ಕಿವಿಯಲ್ಲಿ ಹದಿನೆಂಟು ದಿನಗಳಿಂದ ಇದ್ದ ಸದ್ದಿನ ಜೊತೆ ಅದೂ ಸೇರಿಹೋಯಿತು.

ಹಲಗೆಯ ಮೇಲೆ ಕೂತು ಬಾಟಲಿ ತೆರೆಯುವಾಗ ಮುಚ್ಚಳ ಕೈಜಾರಿ ತಳಕ್ಕೆ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು, ಕುಡಿದು ಮುಗಿಸಿ, ಇಳಿದು ಅದನ್ನು ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದ ಕೂಡಲೇ ತಲೆ ಗಿರ್ರೆಂದಿತು, ಮೊಣಕಾಲು ಕುಸಿಯಿತು. ಏಣಿ ಹಿಡಿದುಕೊಂಡು ಎದ್ದು ನಿಂತ. ನಿಂತ ಮೇಲೆ ನಾಲ್ಕು ಉಸಿರಿಗೆ ಸರಿಹೋಯಿತು. ಬಗ್ಗಿದರೆ ಸುತ್ತುತ್ತದೆ, ಎದ್ದರೆ ಸರಿಹೋಗುತ್ತದೆ: ತಳದಲ್ಲಿ ಗ್ಯಾಸು ನಿಂತಿದೆ ಎನ್ನಲು ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕೇ? ಬಾಲನಿಗೆ ಅವನೇ ಹತ್ತು ಸಲ ಹೇಳಿದ್ದ ಗುರುತು ಅದು. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಬಂದದ್ದು ಹಸಿರು ಪುಸ್ತಕದ ಕೊನೆಯ ಪುಟ. ಮೇಲೆ ಹತ್ತಿ ಹಲಗೆಯ ಮೇಲೆ ಕೂತು, ಜೇಬಿನಿಂದ ಪುಸ್ತಕ ತೆಗೆದು, ಡಾಕ್ಟರಮ್ಮ ಹೇಳಿಕೊಟ್ಟ ಪ್ರಕಾರ ಶಿಸ್ತಾಗಿ ಬರೆದ. ಬರೆದು ಜೇಬಿಗೆ ಹಾಕಿಕೊಂಡ.

ಕಂಡಿ ಕಾಯಲು ಹೊರಗೆ ಒಬ್ಬ ಮುದುಕ ಇರುತ್ತಿದ್ದ, ಅವನ ಕೈಯಲ್ಲಿ ಮೀಟರು. ಬಿಡುವಾದ ಮೇಲೆ ಯಾರೇ ಇಳಿಯುವ ಮೊದಲು ಅದನ್ನು ದಾರದಲ್ಲಿ ಕಟ್ಟಿ ತಳದವರೆಗೆ ಇಳಿಬಿಡಬೇಕು. ಮುದುಕ ಕಂಡಿಯ ಬಾಯಿಯಲ್ಲಿ ಒಮ್ಮೆ ಆಡಿಸಿ, ಸರಿಯಾಗಿದೆ ಎಂದ. ದಾರ ಬಿಚ್ಚುವ ಗೋಜಿಗೆ ಹೋಗಲಿಲ್ಲ, ಗಾಳಿ ಊದುವ ಯಂತ್ರವೂ ಇನ್ನೂ ಶುರುವಾಗಿರಲಿಲ್ಲ.

“ಒಳಗೆ ಅಷ್ಟು ದೊಡ್ಡ ಮೀಟರು ಕೂತಿದೆಯಲ್ಲ,” ಎಂದು ಇಲಿಯ ಕಡೆಗೆ ಬೆರಳು ತೋರಿಸಿ ನಕ್ಕ. ಒಳಗೆ ಒಬ್ಬ ಮನುಷ್ಯ ಮುಕ್ಕಾಲು ಗಂಟೆಯಿಂದ ಉಸಿರಾಡುತ್ತಾ ಕೂತಿರುವಾಗ ಗಾಳಿಯನ್ನು ಅಳೆಯುವುದೇನು ಎಂದು ಅವನಿಗೆ ಅನ್ನಿಸಿದ್ದು ಸಹಜ. ಈ ಸಹಜ ಎಂಬ ಪದ ಕಂಡರೂ ನನಗೆ ರೇಗುತ್ತದೆ.

ಬಾಲ ಕಂಡಿಯೊಳಗೆ ತಲೆ ಹಾಕಿದ. ಊಟ ಮಾಡಿ ಬಂದ ಮುಖ, ತುಟಿ ಎಣ್ಣೆಯಲ್ಲಿ ಹೊಳೆಯುತ್ತಿತ್ತು.

“ಭಾವ, ಒಳಗೆ ಹೇಗಿದೆ?”

ಒಂದು ಗಳಿಗೆ ಇಲಿಗೆ ಹೇಳೋಣ ಅನ್ನಿಸಿತು. ಬಗ್ಗಿದಾಗ ಸುತ್ತಿತು ಎಂದು ಹೇಳಿದರೆ ಬಾಲ ಗಂಟೆ ಬಾರಿಸಿಯೇ ಬಾರಿಸುತ್ತಾನೆ. ಮತ್ತೆ ನಲವತ್ತು ಜನ ಬಿಸಿಲಿಗೆ ಬಂದು ನಿಲ್ಲುತ್ತಾರೆ. ಮೂರನೆಯ ಸಲ. ಆಮೇಲೆ ಅಂಗಳ, ತುಕ್ಕು, ಕೊನೆಯವರೆಗೂ ತುಕ್ಕು.

“ಚೆನ್ನಾಗಿದೆ, ಬಾ,” ಎಂದ.

ಬಾಲ ಇಳಿದ. ಹಲಗೆಯ ಮೇಲೆ ಕೂತಿದ್ದ ಭಾವನ ಮಂಡಿ ತಟ್ಟಿ ಕೆಳಗೆ ಹೋದ. ತಳದ ಬೆಸುಗೆ ಅವನ ಪಾಲಿನದು. ಮಂಡಿಯೂರಿ ಕೂತು, ದೀಪ ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿ ನೋಡಿದ. ಏನೋ ಹೇಳಲು ಹೊರಟವನ ಹಾಗೆ ಒಂದು ಸಲ ಭಾವನ ಕಡೆ ಮುಖ ತಿರುಗಿಸಿದ. ಮತ್ತೆ ಬಗ್ಗಿದ, ಏಳಲಿಲ್ಲ.

ಇಲಿ ಕೂಗಿದ. ಈ ಸಲ ಕೂಗಿದ. ತಾನೇ ಕೆಳಗಿಳಿದು ಎಳೆಯಲು ಹೋಗಿ, ಬಗ್ಗಿ, ತನಗೂ ಕತ್ತಲೆ ಬಂದು, ಏಣಿಗೆ ಜೋತು ಬಿದ್ದ. ಮೇಲಿನಿಂದ ಹಗ್ಗ ಬಂತು, ಗಾಳಿಯ ಮುಖವಾಡ ಹಾಕಿಕೊಂಡ ಇಬ್ಬರು ಬಂದರು. ಅವರಿಗೆ ಇಳಿಯಲು ಜಾಗ ಬೇಕಿತ್ತಾದ್ದರಿಂದ ಮೊದಲು ಇಲಿಯನ್ನೇ ಎಳೆದರು. ಸೊಂಟಪಟ್ಟಿಗೆ ಹಗ್ಗ ಹಾಕಿ ಒಂದೇ ಎಳೆತಕ್ಕೆ ಎಳೆದರು, ಎಲ್ಲೂ ಸಿಕ್ಕಿಹಾಕಿಕೊಳ್ಳದೆ, ಎಲ್ಲೂ ತರಚದೆ ಹೊರಗೆ ಬಂದ. ಬಾಲನನ್ನು ಹೊರಗೆ ತರುವಷ್ಟರಲ್ಲಿ ಇನ್ನೂ ಆರು ನಿಮಿಷ ಕಳೆದಿತ್ತು. ಇಬ್ಬರನ್ನೂ ಆಸ್ಪತ್ರೆಗೆ ಒಯ್ದರು.

ಬಾಲ ಸಾಯಲಿಲ್ಲ. ಹೃದಯ ಬಡಿಯಿತು, ಒಂದು ವಾರವಾದ ಮೇಲೆ ತಾನಾಗಿಯೇ ಉಸಿರಾಡತೊಡಗಿದ, ಕಣ್ಣೂ ಬಿಟ್ಟ. ಕಣ್ಣಿನ ಹಿಂದೆ ಇದ್ದವನು ಮಾತ್ರ ಹೋಗಿಬಿಟ್ಟಿದ್ದ. ಕರೆದರೆ ತಿರುಗುವುದಿಲ್ಲ, ಕೊಟ್ಟರೆ ನುಂಗುವುದಿಲ್ಲ. ಮಿದುಳಿಗೆ ಗಾಳಿ ಸಾಲದೆ ಆದ ಹಾನಿ, ಸರಿಹೋಗುವ ಭರವಸೆ ಇಟ್ಟುಕೊಳ್ಳಬೇಡಿ ಎಂದರು ವೈದ್ಯರು.

ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ಹೆಂಡತಿ ಒಂದೇ ಒಂದು ಸಲ ಕೇಳಿದಳು. “ನೀವು ಒಳಗೇ ಇದ್ರಲ್ಲ. ನಿಮಗೇನೂ ಗೊತ್ತಾಗಲಿಲ್ವಾ?”

“ಇಲ್ಲ,” ಎಂದ ಇಲಿ. “ಗೊತ್ತಾಗಿದ್ರೆ ಅವನನ್ನ ಬಾ ಅಂತಿದ್ನಾ?”

ವಿಚಾರಣೆಗೆ ಬಂದ ಅಧಿಕಾರಿಯೂ ಅದನ್ನೇ ಕೇಳಿದ, ಮುಂಚೆ ಏನಾದರೂ ಸೂಚನೆ ಸಿಕ್ಕಿತ್ತೇ ಎಂದು. ಇಲಿ ಅಲ್ಲೂ ಅದೇ ಉತ್ತರ ಕೊಟ್ಟ. ಎರಡನೆಯ ಸಲಕ್ಕೆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಪೈಪಿನ ತಿರುಪು ಸವೆದಿತ್ತು ಎಂದು ವರದಿ ಬಂತು. ಮುದುಕನನ್ನು ಮನೆಗೆ ಕಳಿಸಿದರು. ಪೈಪು ಒಳಗೆ ಬಿಟ್ಟದ್ದಕ್ಕೆ ಇಲಿಗೆ ಎಚ್ಚರಿಕೆಯ ಪತ್ರ ಕೊಟ್ಟರು, ದುಃಖದಲ್ಲಿರುವ ಮನುಷ್ಯ ಎಂದು ಅಷ್ಟಕ್ಕೇ ಬಿಟ್ಟರು. ಹಸಿರು ಪುಸ್ತಕವನ್ನು ಅವನು ಜೇಬಿನಲ್ಲಿ, ಚೀಲದಲ್ಲಿ, ಕಾರ್ಖಾನೆಯ ಕಪಾಟಿನಲ್ಲಿ ಹುಡುಕಿದ. ಸಿಗಲಿಲ್ಲ. ಎಳೆದಾಟದಲ್ಲಿ ಎಲ್ಲೋ ಬಿದ್ದು ಕಸಕ್ಕೆ ಹೋಗಿರಬೇಕು ಎಂದುಕೊಂಡು ನೆಮ್ಮದಿಯ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿಗಾಗಿ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

ತೂಕ ಈಗ ತಾನಾಗಿ ಇಳಿಯಿತು. ಹಸಿವೇ ಇರಲಿಲ್ಲ, ತಲೆ ಸುತ್ತುವುದೂ ನಿಂತಿತ್ತು. ಗಡುವಿನ ದಿನ ಸೂಪರ್‌ವೈಸರ್ ಕರೆಸಿದ್ದಕ್ಕೆ ಹೋಗಿ ತೂತಿನ ಹಲಗೆಯ ಮುಂದೆ ನಿಂತ. ಕೈ ಮೇಲೆತ್ತಿ ದಾಟಿದ, ಹದಿನಾಲ್ಕು ಸೆಕೆಂಡು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲಿಲ್ಲ. ಅವನು ಗೆದ್ದಿದ್ದ, ಕಂಡಿ ಅವನದೇ ಆಗಿ ಉಳಿಯಿತು.

ಅದೇ ವಾರ ಬಾಲನನ್ನು ಮನೆಗೆ ತಂದರು. ಅವನ ಮೂಗಿನಿಂದ ಹೊಟ್ಟೆಯವರೆಗೆ ಸಣ್ಣ ಕೊಳವೆ ಹಾಕಿದ್ದರು. ಆಹಾರವೆಲ್ಲ ಅದರಲ್ಲೇ. ಆಸ್ಪತ್ರೆಯ ನರ್ಸು ಬಂದು ಒಂದು ಡಬ್ಬ ಪೌಡರು ಕೊಟ್ಟು, ಹೇಗೆ ಕದಡಬೇಕು, ಎಷ್ಟು ನಿಧಾನವಾಗಿ ಬಿಡಬೇಕು ಎಂದು ತೋರಿಸಿದಳು. ಡಬ್ಬದ ಮೇಲಿನ ಬಣ್ಣ ಬೇರೆ, ಚಮಚ ಅದೇ ಅಳತೆಯದು. ಮುಚ್ಚಳ ತೆಗೆದಾಗ ಬಂದ ಸಿಹಿ ವಾಸನೆಯೂ ಅದೇ. ಹುರಿದ ಆಲೂಗಡ್ಡೆಗೆ ಪ್ರಾಣ ಬಿಡುತ್ತಿದ್ದ ಮನುಷ್ಯನಿಗೆ ಇನ್ನು ಜೀವಮಾನವಿಡೀ ಇಲಿಯ ಪಥ್ಯ.

“ಯಾವ ಹೊತ್ತಿಗೆ ಎಷ್ಟು ಕೊಟ್ರಿ, ಅವರು ಹೇಗಿದ್ರು, ಎಲ್ಲ ಬರೆದಿಡಿ. ವಾಂತಿ, ಕೆಮ್ಮು, ಏನಿದ್ರೂ ಸರಿ,” ಎಂದು ಹೇಳಿ ನರ್ಸು ಹೋದಳು.

ಇಲಿ ಲೋಟದಲ್ಲಿ ನೀರು ತೆಗೆದುಕೊಂಡು ಎರಡು ಚಮಚ ಪೌಡರು ಹಾಕಿದ. ಗಂಟಾಗದ ಹಾಗೆ ಕದಡುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಲನ ತಲೆದಿಂಬು ಎತ್ತರಿಸಿ, ಕೊಳವೆಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟ. ಬಾಲ ಸೂರನ್ನು ನೋಡುತ್ತಾ ಮಲಗಿದ್ದ. ಲೋಟ ಖಾಲಿಯಾದ ಮೇಲೆ ಇಲಿ ಬರೆಯಲು ಹಾಳೆ ಹುಡುಕಿದ.

ಹೆಂಡತಿ ಒಳಗಿನಿಂದ ಬಂದಳು. ಎರಡು ತಿಂಗಳಲ್ಲಿ ಅವಳು ಅರ್ಧಕ್ಕಿಳಿದಿದ್ದಳು, ಯಾರೂ ಅದನ್ನು ತೂಗಿ ನೋಡಿರಲಿಲ್ಲ. ಅವಳ ಕೈಯಲ್ಲಿ ಹಸಿರು ಪುಸ್ತಕವಿತ್ತು.

“ಆ ದಿನ ಆಸ್ಪತ್ರೆಯಲ್ಲಿ ನಿಮ್ಮ ಅಂಗಿ ಬಿಚ್ಚಿಸಿ ನನ್ನ ಕೈಗೆ ಕೊಟ್ಟಿದ್ರು,” ಎಂದಳು. “ಜೇಬಲ್ಲಿತ್ತು.”

ಆ ದಿನ. ಅಂದರೆ ಬೆಂಚಿನ ಮೇಲೆ ಕೇಳಿದ್ದಕ್ಕಿಂತ ಮುಂಚೆ. ಅವಳು ಮಂಚದ ಪಕ್ಕದ ಮೇಜಿನ ಮೇಲೆ ಪುಸ್ತಕ ತೆರೆದು, ಮಡಿಕೆಯನ್ನು ಅಂಗೈಯಿಂದ ಸವರಿ ನೇರ ಮಾಡಿದಳು. ಅವನ ಅಕ್ಷರ ಅವನಿಗೇ ಕಾಣಿಸಿತು. ೧-೧೦. ಪೌಡರು ಒಂದು ಬಾಟಲಿ. ಬಗ್ಗಿದಾಗ ಜೋರಾಗಿ ತಲೆ ಸುತ್ತಿತು, ಎದ್ದ ಮೇಲೆ ಸರಿ. ಹಸಿವು. ಅದರ ಕೆಳಗೆ ಪುಟವಿಡೀ ಖಾಲಿ.

“ಹೊಸದು ಯಾಕೆ,” ಎಂದಳು ಅವಳು. “ಇದ್ರಲ್ಲೇ ಬರೀರಿ.”

ಅವಳು ಪೆನ್ನನ್ನು ಅವನ ಕೈಗೆ ಕೊಟ್ಟಳು. ಇಲಿ ಆ ಸಾಲಿನ ಕೆಳಗೆ ಮೊದಲ ಖಾನೆಯಲ್ಲಿ ಹೊತ್ತು ಬರೆದ, ಎರಡನೆಯದರಲ್ಲಿ ಎರಡು ಚಮಚ, ಒಂದು ಲೋಟ ನೀರು ಎಂದು ಬರೆದು ಪೆನ್ನು ಕೆಳಗಿಡಲು ಹೋದ.

ಅವಳು ಮೂರನೆಯ ಖಾನೆಯ ಮೇಲೆ ಬೆರಳಿಟ್ಟಳು. ಹೇಗನ್ನಿಸಿತು ಎಂಬ ಖಾನೆ ಅದು.

“ಅದನ್ನೂ ಬರೀರಿ,” ಎಂದಳು. “ಅವನನ್ನ ಕೇಳಿ ಬರೀರಿ.”